ಖಾಲಿ ಬಿದ್ದ ಬಾಡಿಗೆ ಕಟ್ಟಡದ ಓನರನ್ನು ಹುಡುಕಿ ಮಾತಾಡುವುದು ಹೇಗೆ? ಬೆಂಗಳೂರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಟು, ಹತ್ತು, ಹದಿನೈದು ಮನೆಗಳ ಬಾಡಿಗೆ ಕಟ್ಟಡ. ಅರ್ಧ ಖಾಲಿ. ಗೇಟಿನ ಮೇಲೆ ಟು-ಲೆಟ್ ಬೋರ್ಡ್ ತಿಂಗಳುಗಟ್ಟಲೆ ಹಾಗೇ ನೇತಾಡುತ್ತಿದೆ. ಕೊಂಡು ಸರಿಮಾಡಿದರೆ ಒಳ್ಳೆ ಬಾಡಿಗೆ ಬರುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲಿಂದ ಮುಂದೆ ಬಹಳ ಜನ ಒಂದೇ ಥರ ಎಡವುತ್ತಾರೆ. ಬೋರ್ಡಿನ ನಂಬರಿಗೆ ಫೋನ್ ಮಾಡುತ್ತಾರೆ, ಎತ್ತಿದ ಬ್ರೋಕರ್ “ಓನರ್ ಕೊಡಲ್ಲ ಸರ್” ಅಂದುಬಿಡುತ್ತಾರೆ. ಇಲ್ಲವೇ ಓನರ್ ಸಿಕ್ಕ ಕೂಡಲೇ “ಎಷ್ಟಕ್ಕೆ ಕೊಡ್ತೀರಾ?” ಅಂತ ಕೇಳಿ ಮಾತು ಮುರಿದುಕೊಳ್ಳುತ್ತಾರೆ. ಎಲ್ಲಕ್ಕಿಂತ ನಷ್ಟದ್ದು ಮೂರನೆಯದು: ಟೋಕನ್ (ಮುಂಗಡ ದುಡ್ಡು) ಕೊಟ್ಟ ಮೇಲೆ, ಸಹಿ ಹಾಕಬೇಕಾದವರು ಇನ್ನೂ ನಾಲ್ಕು ಜನ ಇದ್ದಾರೆ ಅಂತ ಗೊತ್ತಾಗುತ್ತದೆ.

ಮೂರಕ್ಕೂ ಕಾರಣ ಒಂದೇ, ಕೆಲಸದ ಕ್ರಮ ತಪ್ಪಿದ್ದು. ಕಟ್ಟಡ ಏಕೆ ಖಾಲಿ ಎಂದು ಮೊದಲು ತಿಳಿಯಬೇಕು. ಆಮೇಲೆ ಸಹಿ ಯಾರದು ಎಂದು ತಿಳಿಯಬೇಕು. ಪರಿಚಯ ಅದಾದ ಮೇಲೆ. ಬೆಲೆ ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಹಿಂದೆಮುಂದೆ ಮಾಡಬೇಡಿ.

## ಶುರುಮಾಡುವ ಮುಂಚೆ ಬೇಕಾದದ್ದು

ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ (ಆಸ್ತಿ ನೋಂದಣಿ ಇಲಾಖೆಯದು) ನಿಮ್ಮದೊಂದು ಲಾಗಿನ್. ಫೋನಿನಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್. ಪ್ರತಿ ಕಟ್ಟಡಕ್ಕೂ ಒಂದೊಂದು ಪುಟ ಮೀಸಲಿಟ್ಟ ನೋಟ್‌ಬುಕ್. ಆಸ್ತಿ ಪತ್ರ ನೋಡಿ ಪಳಗಿದ ಒಬ್ಬ ವಕೀಲರು, ಮತ್ತು ಒಬ್ಬ ಸಿವಿಲ್ ಎಂಜಿನಿಯರ್. ಈ ಇಬ್ಬರನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಓನರ್ “ಸರಿ, ಕೂತು ಮಾತಾಡೋಣ” ಅಂದ ದಿನ ವಕೀಲರನ್ನು ಹುಡುಕಲು ಹೊರಟರೆ ಅವಸರದಲ್ಲಿ ಬ್ರೋಕರ್ ತೋರಿಸಿದವರ ಹತ್ತಿರವೇ ಹೋಗುತ್ತೀರಿ.

## ಹಂತ 1: ಕಟ್ಟಡ ಒಬ್ಬರದೇನಾ ಎಂದು ನೋಡಿ

ಫ್ಲಾಟುಗಳನ್ನು ಬಿಡಿಬಿಡಿಯಾಗಿ ಮಾರಿದ ಅಪಾರ್ಟ್‌ಮೆಂಟ್ ಆಗಿದ್ದರೆ “ಓನರ್” ಅಂತ ಒಬ್ಬರು ಇರುವುದೇ ಇಲ್ಲ. ಒಂದೊಂದು ಫ್ಲಾಟಿಗೆ ಒಬ್ಬೊಬ್ಬರು. ನೋಟಿಸ್ ಬೋರ್ಡಿನಲ್ಲಿ ಸಂಘದ ಹೆಸರು, ಮೇಂಟೆನೆನ್ಸ್ ಬಾಕಿ ಪಟ್ಟಿ ಕಂಡರೆ ಅಲ್ಲಿಗೆ ಬಿಟ್ಟುಬಿಡಿ.

ಪಿಜಿ ಬೋರ್ಡ್ ಇದ್ದರೆ ಇನ್ನೊಂದು ಎಚ್ಚರ. ಪಿಜಿ ನಡೆಸುವವರು ಹೆಚ್ಚಾಗಿ ಇಡೀ ಕಟ್ಟಡವನ್ನು ಲೀಸಿಗೆ ಹಿಡಿದಿರುತ್ತಾರೆ. “ನಂದೇ ಬಿಲ್ಡಿಂಗ್” ಅಂತ ಮಾತಾಡಿದರೂ ಮಾರುವ ಹಕ್ಕು ಅವರಿಗಿಲ್ಲ.

## ಹಂತ 2: ಏಕೆ ಖಾಲಿ ಎಂದು ಪತ್ತೆಮಾಡಿ

ಇದೇ ಬಹಳ ಮುಖ್ಯ ಹಂತ, ಇದನ್ನೇ ಎಲ್ಲರೂ ಹಾರಿಸುತ್ತಾರೆ.

ಕಟ್ಟಡವನ್ನು ಬೇರೆಬೇರೆ ಹೊತ್ತಿನಲ್ಲಿ ನೋಡಿ. ವಾರದ ನಡುವೆ ರಾತ್ರಿ ಎಂಟರ ಹೊತ್ತಿಗೆ ಎಷ್ಟು ಮನೆಯಲ್ಲಿ ದೀಪ ಇದೆ ಎಣಿಸಿ. ಬೆಳಗ್ಗೆ ನೀರಿನ ಟ್ಯಾಂಕರ್ ಬರುತ್ತದಾ ನೋಡಿ. ಜೋರು ಮಳೆ ಬಿದ್ದ ಮರುದಿನ ಪಾರ್ಕಿಂಗಿನಲ್ಲಿ ನೀರು ನಿಂತಿದೆಯಾ, ಗೋಡೆಯಲ್ಲಿ ತೇವ ಏರಿದೆಯಾ ನೋಡಿ. ಆಮೇಲೆ ಸುತ್ತಮುತ್ತ ಮಾತಾಡಿಸಿ. ಎದುರಿನ ಇಸ್ತ್ರಿ ಅಂಗಡಿಯವರಿಗೆ ಯಾವ ಮನೆಯವರು ಬಂದರು, ಯಾರು ಬಿಟ್ಟರು, ಏಕೆ ಬಿಟ್ಟರು ಎಲ್ಲ ಗೊತ್ತಿರುತ್ತದೆ. ಕಿರಾಣಿ ಅಂಗಡಿಯವರಿಗೂ ಗೊತ್ತಿರುತ್ತದೆ. ಸುಮ್ನೆ ಸುಳ್ಳು ಹೇಳಿ ಬಾಡಿಗೆದಾರರ ಥರ ನಟಿಸಬೇಡಿ. “ಈ ಕಡೆ ಕಟ್ಟಡ ನೋಡ್ತಾ ಇದೀವಿ” ಅಂದರೆ ಸಾಕು. ನಾಳೆ ಇದೇ ಜನ ಓನರ್ ಹತ್ತಿರ ನಿಮ್ಮ ಬಗ್ಗೆ ಹೇಳುತ್ತಾರೆ.

ಸಿಗುವ ಕಾರಣಗಳು ಹೆಚ್ಚಾಗಿ ಇವು.

ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬಹಳ ಬಡಾವಣೆಗಳು ಟ್ಯಾಂಕರನ್ನೇ ನಂಬಿಕೊಂಡವು. ಕಾವೇರಿ ನೀರಿನ ಕನೆಕ್ಷನ್ ಇಲ್ಲದ, ಸಂಪು ಚಿಕ್ಕದಿರುವ ಕಟ್ಟಡದಲ್ಲಿ ಬಾಡಿಗೆದಾರರು ನಿಲ್ಲುವುದಿಲ್ಲ. ಇದು ದುಡ್ಡು ಹಾಕಿ ಸರಿಮಾಡಬಹುದಾದ ಕಾರಣ. ಆದರೆ ಆ ರಸ್ತೆಗೆ ಜಲಮಂಡಳಿಯ ಪೈಪ್ ಬಂದಿದೆಯಾ ಎನ್ನುವುದು ಮೊದಲ ಪ್ರಶ್ನೆ.

ಓನರ್ ದೂರ ಇರುವುದು. ಗಂಡ ಹೆಂಡತಿ ಇಬ್ಬರೂ ವಯಸ್ಸಾದವರು, ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದಾರೆ. ನಲ್ಲಿ ಸೋರಿದರೆ ಹೇಳಲು ಯಾರೂ ಇಲ್ಲ. ಒಂದೊಂದೇ ಮನೆ ಖಾಲಿಯಾಗುತ್ತದೆ. ಕೊಳ್ಳುವವರಿಗೆ ಇಂಥ ಕಟ್ಟಡವೇ ಒಳ್ಳೆಯದು. ಸಮಸ್ಯೆ ಇರುವುದು ನೋಡಿಕೊಳ್ಳುವುದರಲ್ಲಿ, ಕಟ್ಟಡದಲ್ಲಲ್ಲ.

ಮನೆಯೊಳಗಿನ ಜಗಳ. ತಂದೆ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರಲ್ಲಿ ಭಾಗ ಆಗಿಲ್ಲ. ಒಬ್ಬರು ಬಾಡಿಗೆಗೆ ಕೊಟ್ಟರೆ ಇನ್ನೊಬ್ಬರು ಬಂದು ಬಿಡಿಸುತ್ತಾರೆ. ಕೋರ್ಟಿನಲ್ಲಿ ದಾವೆ ಇದ್ದರೆ ದೂರ ಇರಿ.

ಭೋಗ್ಯ. ಮನೆಗಳಲ್ಲಿ ಜನ ಇದ್ದಾರೆ, ಬಾಡಿಗೆ ಮಾತ್ರ ಬರುತ್ತಿಲ್ಲ. ಓನರ್ ಒಂದೊಂದು ಮನೆಗೂ ದೊಡ್ಡ ಮೊತ್ತ ಒಟ್ಟಿಗೆ ತೆಗೆದುಕೊಂಡು ಲೀಸಿಗೆ ಹಾಕಿರುತ್ತಾರೆ. ಆ ದುಡ್ಡು ಖರ್ಚಾಗಿಹೋಗಿರುತ್ತದೆ. ಮನೆ ಬಿಡಿಸುವ ದಿನ ಅದನ್ನು ವಾಪಸ್ ಕೊಡಬೇಕು. ಹನ್ನೆರಡು ಮನೆಯಲ್ಲಿ ಆರು ಮನೆ ತಲಾ 8 ಲಕ್ಷಕ್ಕೆ ಭೋಗ್ಯಕ್ಕಿದ್ದರೆ 48 ಲಕ್ಷದ ಸಾಲ ಕಟ್ಟಡದ ಮೇಲೆ ಕೂತಿದೆ ಅಂತ ಅರ್ಥ. ಬಾಯಿಮಾತಿನ ಅಥವಾ ನೋಂದಣಿ ಇಲ್ಲದ ಕರಾರಾದರೆ ಇದು ಇಸಿಯಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳ ಪಟ್ಟಿ) ಕಾಣುವುದಿಲ್ಲ. ನಡುವೆ ಒಬ್ಬ ಏಜೆಂಟ್ ಬಾಡಿಗೆದಾರರಿಂದ ಲೀಸ್ ದುಡ್ಡು ತೆಗೆದುಕೊಂಡು, ಓನರಿಗೆ ಮಾತ್ರ ತಿಂಗಳ ಬಾಡಿಗೆ ಕಟ್ಟುವ ಪದ್ಧತಿಯೂ ಊರಿನಲ್ಲಿದೆ. ಏಜೆಂಟ್ ಓಡಿಹೋದರೆ ಇಬ್ಬರೂ ಬೀದಿಗೆ. ಆದ್ದರಿಂದ ಪ್ರತಿ ಮನೆಯಲ್ಲೂ “ನೀವು ಬಾಡಿಗೆಗಾ, ಭೋಗ್ಯಕ್ಕಾ? ದುಡ್ಡು ಯಾರ ಕೈಗೆ ಕೊಟ್ಟಿರಿ?” ಎಂದು ಕೇಳಲೇಬೇಕು. ಈಗಲೇ ಅಲ್ಲ, ಓನರ್ ಒಪ್ಪಿಗೆ ಕೊಟ್ಟ ಮೇಲೆ. ಆದರೆ ಭೋಗ್ಯದ ಸುಳಿವು ಸಿಕ್ಕರೆ ಇಂದೇ ಬರೆದಿಟ್ಟುಕೊಳ್ಳಿ.

ಕಟ್ಟಡವೇ ಸರಿಯಿಲ್ಲದಿರುವುದು. 30×40 ಸೈಟಿನಲ್ಲಿ ಪ್ಲಾನ್ ಮೀರಿ ಏರಿಸಿದ ಮಹಡಿಗಳು, ಕಟ್ಟಡದ ಸುತ್ತ ಖಾಲಿ ಬಿಡಬೇಕಿದ್ದರೂ ಬಿಟ್ಟಿರದ ಸೆಟ್‌ಬ್ಯಾಕ್, ಕಂಬದಲ್ಲಿ ಬಿರುಕು. ಬಣ್ಣ ಬಳಿದರೆ ಸರಿಹೋಗುವ ಕಾರಣ ಇದಲ್ಲ.

ಕಾರಣ ನಿಮ್ಮ ಕೈಯಿಂದ ಸರಿಮಾಡಲು ಆಗುವಂಥದ್ದಲ್ಲ ಅನ್ನಿಸಿದರೆ ಇಲ್ಲೇ ನಿಲ್ಲಿಸಿ. ಓನರನ್ನು ಹುಡುಕುವ ಶ್ರಮ ಉಳಿಯುತ್ತದೆ.

## ಹಂತ 3: ಹೆಸರು ಹುಡುಕಿ

ಮೊದಲು ಬಾಯಿಮಾತಿನ ಹೆಸರು. ವಾಚ್‌ಮನ್, ಅಕ್ಕಪಕ್ಕದವರು ಹೇಳುತ್ತಾರೆ. ಪಾರ್ಕಿಂಗಿನಲ್ಲಿ ಮೀಟರ್ ಬೋರ್ಡ್ ಪಕ್ಕ ಸಿಕ್ಕಿಸಿರುವ ಬೆಸ್ಕಾಂ ಬಿಲ್ಲಿನ ಮೇಲೂ ಗ್ರಾಹಕರ ಹೆಸರು ಇರುತ್ತದೆ. ವಾಚ್‌ಮನ್‌ಗೆ ಹೇಳಿ ನೋಡಿ, ಕದ್ದು ಫೋಟೊ ತೆಗೆಯಬೇಡಿ. ಬಿಲ್ಲಿನಲ್ಲಿ ಹಳೆಯ ಓನರ್ ಹೆಸರೇ ಮುಂದುವರಿದಿರುವುದು ಬಹಳ ಸಾಮಾನ್ಯ. ಹಾಗಾಗಿ ಅದು ಸುಳಿವು ಮಾತ್ರ, ಸಾಕ್ಷಿಯಲ್ಲ.

ಈ ಹೆಸರು ಹಿಡಿದು ಪಾಲಿಕೆಯ ಇ-ಆಸ್ತಿ ಜಾಲತಾಣಕ್ಕೆ ಹೋಗಿ. ಅಲ್ಲಿ ವಾರ್ಡ್ ಆರಿಸಿ, ಹೆಸರು ಹಾಕಿ ಕರಡು ಇ-ಖಾತಾ (ಆಸ್ತಿ ತೆರಿಗೆಯ ದಾಖಲೆ) ಹುಡುಕಬಹುದು. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಹಳೆಯ ಪತ್ರಗಳಲ್ಲಿ ಬಿಬಿಎಂಪಿ ವಾರ್ಡ್ ಹೆಸರೇ ಇರುತ್ತದೆ, ಗಾಬರಿ ಬೇಡ.

ರೆವಿನ್ಯೂ ಜಾಗದಲ್ಲಿ, ಅಂದರೆ ಮೊದಲು ಕೃಷಿ ಜಮೀನಾಗಿದ್ದ ಕಡೆ, ಕಟ್ಟಿದ್ದರೆ ಕಟ್ಟಡದ ಮುಂದೆ ನಿಂತು ದಿಶಾಂಕ್ ತೆರೆಯಿರಿ. ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಭೂಮಿ ಜಾಲತಾಣದ ಪಹಣಿಯಲ್ಲಿ ನೋಡಬಹುದು. ಆದರೆ ಜಮೀನು ಸೈಟುಗಳಾಗಿ ಹರಿದುಹೋಗಿದ್ದರೂ ಪಹಣಿಯಲ್ಲಿ ಮೂಲ ರೈತರ ಹೆಸರೇ ಉಳಿದಿರಬಹುದು. ಆ ಹೆಸರಿನವರ ಮನೆಗೆ ಹೋಗಿ “ನಿಮ್ಮ ಬಿಲ್ಡಿಂಗ್ ಮಾರ್ತೀರಾ?” ಅಂತ ಕೇಳಿದರೆ ಇಲ್ಲದ ವ್ಯಾಜ್ಯ ಹುಟ್ಟುತ್ತದೆ. ಎಚ್ಚರ.

## ಹಂತ 4: ಸಹಿ ಯಾರದು ಎಂದು ಖಚಿತಮಾಡಿಕೊಳ್ಳಿ

ಖಾತಾ ಎಂದರೆ ತೆರಿಗೆ ಯಾರು ಕಟ್ಟಬೇಕು ಎಂಬ ದಾಖಲೆ. ಒಡೆತನ ಗೊತ್ತಾಗುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಿಂದ. ಅವು ಏನೇನು ಆಗಿವೆ ಎಂದು ತಿಳಿಯಲು ಋಣಭಾರ ಪತ್ರ, ಅಂದರೆ ಇಸಿ, ತೆಗೆಯಬೇಕು.

ಕಾವೇರಿಯಲ್ಲಿ ಆಸ್ತಿ ನಂಬರ್ ಮತ್ತು ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಹಾಕಿ ಇಸಿಗೆ ಅರ್ಜಿ ಕೊಡಿ. ವಹಿವಾಟು ಆಗಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 16 ಬಂತು ಅಂತ ಖುಷಿಪಡಬೇಡಿ. ಆಸ್ತಿ ನಂಬರ್ ತಪ್ಪು ಹಾಕಿದರೂ ಅದೇ ಬರುತ್ತದೆ. ಕಂಪ್ಯೂಟರ್ ದಾಖಲೆ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಇಸಿ ಕೇಳಬೇಕು.

ಇಸಿ ಓದುವಾಗ ಮೂರು ವಿಷಯ ನೋಡಿ. ಕೊನೆಯ ಕ್ರಯ ಯಾರ ಹೆಸರಿಗೆ? ಅಡಮಾನ ಇದೆಯಾ, ತೀರಿದೆಯಾ? ಯಾರಿಗಾದರೂ ಆಗಲೇ ಮಾರಾಟದ ಕರಾರು ಮಾಡಿಕೊಟ್ಟಿದ್ದಾರಾ? ಅದೇ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲೂ ಹುಡುಕಿ. ದಾವೆ ಇದ್ದರೆ ಅಲ್ಲಿ ಕಾಣಬಹುದು.

ಓನರ್ ತೀರಿಕೊಂಡಿದ್ದರೆ ವಂಶವೃಕ್ಷ ಇಲ್ಲದೆ ಮುಂದೆ ಹೋಗಬೇಡಿ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇದೆಯಾ ನೋಡಿ. “ತಂಗಿಗೆ ಮದುವೇಲಿ ಎಲ್ಲ ಕೊಟ್ಟಾಗಿದೆ, ಅವಳ ಸಹಿ ಬೇಕಿಲ್ಲ” ಎಂಬ ಮಾತು ಈಗಲೂ ಕೇಳಿಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಮಾಡಿದೆ. ತಂದೆಯ ಸ್ವಂತ ಸಂಪಾದನೆಯಾಗಿದ್ದು ವಿಲ್ ಇಲ್ಲದಿದ್ದರೂ ಮಗಳು ವಾರಸುದಾರಳೇ. ಅಕ್ಕತಂಗಿಯರ ಸಹಿ ಬೇಕು, ಇಲ್ಲವೇ ಅವರು ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕು. ಇದು ಕಾನೂನಿನ ಮಾತಷ್ಟೇ ಅಲ್ಲ, ಆ ಹೆಣ್ಣುಮಗಳಿಗೆ ನ್ಯಾಯವಾಗಿ ಸಲ್ಲಬೇಕಾದ್ದು ಕೂಡ.

ಜಿಪಿಎ, ಅಂದರೆ ಬೇರೆಯವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಹಿಡಿದು “ನಾನೇ ಓನರ್ ಇದ್ದಂಗೆ” ಅನ್ನುವವರು ಬಂದರೆ ನಿಜವಾದ ಓನರ್ ಜೊತೆ ವಿಡಿಯೊ ಕರೆಯಲ್ಲಾದರೂ ಮಾತಾಡಿಸಿ ಎಂದು ಕೇಳಿ. ಜಿಪಿಎ ಮೇಲಿನ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಓನರ್ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ಜಿಪಿಎ ಕೊಡಬಹುದು, ಅದು ಬೇರೆ. ವಿದೇಶದಲ್ಲಿ ಬರೆದ ಜಿಪಿಎ ಆದರೆ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಕೊಟ್ಟವರು ಬದುಕಿದ್ದಾರಾ, ರದ್ದು ಮಾಡಿಲ್ಲವಾ ಎನ್ನುವುದನ್ನೂ ಕೇಳಿ ತಿಳಿಯಿರಿ.

## ಹಂತ 5: ಓನರ್ ಹತ್ತಿರ ಹೋಗುವ ಮುಂಚೆ ಲೆಕ್ಕ ಹಾಕಿ

ಇಲ್ಲಿ ಭಾವನೆ ಬೇಡ, ಕಾಗದ ಪೆನ್ನು ಸಾಕು. ಒಂದು ಉದಾಹರಣೆ ನೋಡಿ. 12 ಮನೆ, 8 ತುಂಬಿವೆ, ತಲಾ 14,000 ಬಾಡಿಗೆ. ವರ್ಷಕ್ಕೆ 13.44 ಲಕ್ಷ. ತೆರಿಗೆ, ಟ್ಯಾಂಕರ್, ವಾಚ್‌ಮನ್, ರಿಪೇರಿಗೆ 3 ಲಕ್ಷ ಕಳೆದರೆ 10.44 ಲಕ್ಷ. ಕಟ್ಟಡಕ್ಕೆ 3.5 ಕೋಟಿ ಹೇಳಿದರೆ ನಿಮಗೆ ಸಿಗುವುದು ನೂರಕ್ಕೆ 3.

ಈಗ ಸರಿಮಾಡಿದ ಮೇಲಿನ ಲೆಕ್ಕ. 12 ಮನೆಯೂ ತುಂಬಿ ತಲಾ 15,000 ಬಂದರೆ ವರ್ಷಕ್ಕೆ 21.6 ಲಕ್ಷ. ಒಂದು ತಿಂಗಳ ಬಾಡಿಗೆಯನ್ನು ಖಾಲಿ ದಿನಗಳಿಗೆ ಅಂತ ತೆಗೆದಿಡಿ. ಖರ್ಚು 3.6 ಲಕ್ಷ ಕಳೆಯಿರಿ. ಉಳಿಯುವುದು 16.2 ಲಕ್ಷ. ಆದರೆ ನೀವು ಹಾಕಿದ ದುಡ್ಡು 3.5 ಕೋಟಿ ಅಲ್ಲ. ರಿಪೇರಿಗೆ 25 ಲಕ್ಷ ಸೇರಿಸಿ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ 2% ಆಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು 7.6%, ಅಂದರೆ 26.6 ಲಕ್ಷ. ಅದನ್ನೂ ಸೇರಿಸಿ. ಒಟ್ಟು 4 ಕೋಟಿ ದಾಟಿತು. ಸಿಗುವುದು ನೂರಕ್ಕೆ 4. ಇಷ್ಟು ಬಾಡಿಗೆ ನಂಬಿ ಪೂರ್ತಿ ಬ್ಯಾಂಕ್ ಸಾಲದಲ್ಲಿ ಕೊಳ್ಳಲು ಹೊರಟರೆ ತಿಂಗಳು ತಿಂಗಳು ಕೈಯಿಂದ ಕಟ್ಟಬೇಕಾಗುತ್ತದೆ.

ಇದರಿಂದ ನಿಮ್ಮ ಮೇಲಿನ ಮಿತಿ ಗೊತ್ತಾಗುತ್ತದೆ. ಆ ಅಂಕಿ ನೋಟ್‌ಬುಕ್ಕಿನಲ್ಲಿರಲಿ, ಮೊದಲ ಭೇಟಿಯಲ್ಲಿ ಬಾಯಿಗೆ ಬರಬಾರದು.

## ಹಂತ 6: ಮೊದಲ ಸಂಪರ್ಕ ಕಾಗದದಲ್ಲಿರಲಿ

ಅಪರಿಚಿತ ನಂಬರಿನಿಂದ “ನಿಮ್ಮ ಪ್ರಾಪರ್ಟಿ ಬಗ್ಗೆ ಮಾತಾಡಬೇಕಿತ್ತು” ಎಂದು ಫೋನ್ ಬಂದರೆ ವಯಸ್ಸಾದವರು ಹೆದರುತ್ತಾರೆ. ಹೆದರುವುದು ಸರಿಯೇ, ಮೋಸದ ಕರೆಗಳು ಅಷ್ಟು ಜಾಸ್ತಿಯಾಗಿವೆ. ಫೋನ್ ನಂಬರುಗಳ ಪಟ್ಟಿ ದುಡ್ಡು ಕೊಟ್ಟು ಕೊಳ್ಳಬೇಡಿ, ಕಚೇರಿಯ ಒಳಗಿನವರಿಗೆ ಕೈಬಿಸಿ ಮಾಡಿ ನಂಬರ್ ತೆಗೆಸಬೇಡಿ. ಒಂದು ಪುಟದ ಪತ್ರ ಬರೆಯಿರಿ. ದಾಖಲೆಯಲ್ಲಿ ಸಿಕ್ಕ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ಇನ್ನೊಂದು ಪ್ರತಿಯನ್ನು ಲಕೋಟೆ ಅಂಟಿಸಿ ವಾಚ್‌ಮನ್ ಕೈಗೆ ಕೊಡಿ. ಓನರ್ ಕನ್ನಡದವರಾದರೆ ಕನ್ನಡದಲ್ಲೇ ಬರೆಯಿರಿ. ತೆಲುಗೋ ತಮಿಳೋ ಮಾತಾಡುವವರು ಎಂದು ಗೊತ್ತಿದ್ದರೆ ಅವರ ಭಾಷೆ ಬಲ್ಲವರಿಂದ ಎರಡು ಸಾಲು ಬರೆಸಿ.

ಒಂದು ಮಾದರಿ:

“ಮಾನ್ಯರೇ, ನಮಸ್ಕಾರ. ನಾನು ಇದೇ ಬಡಾವಣೆಯ ಪಕ್ಕದ ರಸ್ತೆಯಲ್ಲಿ ಕುಟುಂಬದ ಜೊತೆ ಇದ್ದೇನೆ. ಬಾಡಿಗೆ ಕಟ್ಟಡವೊಂದನ್ನು ಕೊಂಡು ನಾವೇ ನೋಡಿಕೊಳ್ಳಬೇಕು ಎಂದು ಹುಡುಕುತ್ತಿದ್ದೇವೆ. ನಾನು ಬ್ರೋಕರ್ ಅಲ್ಲ. ತಮ್ಮ ಕಟ್ಟಡವನ್ನು ಈಗಲೋ ಮುಂದೆಂದಾದರೋ ಮಾರುವ ಯೋಚನೆ ಇದ್ದರೆ ದಯವಿಟ್ಟು ನನಗೆ ತಿಳಿಸಿ. ತಮಗೆ ಅನುಕೂಲವಾದ ದಿನ, ತಾವು ಹೇಳಿದ ಕಡೆ ಬಂದು ಕಾಣುತ್ತೇನೆ. ಯೋಚನೆ ಇಲ್ಲದಿದ್ದರೆ ಉತ್ತರಿಸಬೇಕಾಗಿಲ್ಲ, ಮತ್ತೆ ತೊಂದರೆ ಕೊಡುವುದಿಲ್ಲ.”

ಕೆಳಗೆ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಇರಲಿ. ಬೆಲೆ ಬರೆಯಬೇಡಿ. ಕಟ್ಟಡದ ಕೊರತೆ ಎತ್ತಬೇಡಿ. “ಖಾಲಿ ಬಿದ್ದಿರುವ ನಿಮ್ಮ ಕಟ್ಟಡ” ಎಂಬ ನಾಲ್ಕು ಪದ ಸಾಕು, ಪತ್ರ ಕಸದ ಬುಟ್ಟಿ ಸೇರಲು. ಆ ಮನೆ ಅವರ ಸಂಬಳದ, ನಿವೃತ್ತಿಯ ದುಡ್ಡಿನಲ್ಲಿ ಎದ್ದದ್ದು.

ಸಮಯವನ್ನೂ ನೋಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮಾರಾಟದ ಮಾತು ತೆಗೆಯಲು ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ. ಮಕ್ಕಳು ವಿದೇಶದಲ್ಲಿದ್ದರೆ ಅವರು ಊರಿಗೆ ಬರುವುದು ಹೆಚ್ಚಾಗಿ ಡಿಸೆಂಬರ್ ರಜೆಯಲ್ಲಿ. ಒಂದು ತಿಂಗಳು ಮುಂಚೆ ಪತ್ರ ತಲುಪಿದರೆ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಲು ಅವಕಾಶ ಸಿಗುತ್ತದೆ.

ಉತ್ತರ ಬರದಿದ್ದರೆ ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಪತ್ರ. ಅದಕ್ಕೂ ಇಲ್ಲದಿದ್ದರೆ ಬಿಟ್ಟುಬಿಡಿ. ಮನೆ ಮುಂದೆ ಹೋಗಿ ಕಾಯುವುದು, ಮಕ್ಕಳನ್ನು ಆಫೀಸಿನಲ್ಲಿ ಹುಡುಕುವುದು ಎರಡೂ ತಪ್ಪು.

## ಹಂತ 7: ಮೊದಲ ಭೇಟಿ

ಒಬ್ಬರೇ ಹೋಗಿ, ಇಲ್ಲವೇ ಮನೆಯವರೊಬ್ಬರ ಜೊತೆ ಹೋಗಿ. ಬ್ರೋಕರ್, ವಕೀಲರು ಈಗ ಬೇಡ. ಹಿರಿಯರನ್ನು “ಸರ್”, “ಅಮ್ಮಾ” ಎಂದೇ ಮಾತಾಡಿಸಿ. ಮನೆಯ ಯಜಮಾನಿ ಇದ್ದರೆ ಅವರನ್ನೂ ಮಾತಿಗೆ ಕರೆಯಿರಿ. ಬಹಳ ಮನೆಗಳಲ್ಲಿ ಬಾಡಿಗೆ ಲೆಕ್ಕ ಇಡುವುದೂ, ಬೇಡ ಎಂದು ತಡೆಯುವುದೂ ಅವರೇ.

ಹೆಚ್ಚು ಕೇಳಿ, ಕಡಿಮೆ ಮಾತಾಡಿ. “ಈ ಕಟ್ಟಡ ನೋಡ್ಕೊಳ್ಳೋದು ಈಗ ಯಾರು ಸರ್?” ಎಂಬ ಒಂದು ಪ್ರಶ್ನೆಗೆ ಬಹಳಷ್ಟು ಹೊರಬರುತ್ತದೆ. ನೀರಿನ ಕಷ್ಟ, ಬಾಡಿಗೆ ಕೊಡದೆ ಹೋದವರು, ಮೊಣಕಾಲು ನೋವು, ಮಗ ವಾಪಸ್ ಬರಲ್ಲ ಎಂಬ ಸಂಗತಿ. ನಿಮಗೆ ಬೇಕಾದ ಉತ್ತರ ಇಲ್ಲೇ ಇದೆ. ಅವರಿಗೆ ಬೇಕಿರುವುದು ಜಾಸ್ತಿ ದುಡ್ಡೇ ಇರಬಹುದು. ಇಲ್ಲವೇ ಬೇಗ ಮುಗಿಯುವುದು, ಒಂದು ಮನೆಯನ್ನು ತಮಗೇ ಉಳಿಸಿಕೊಳ್ಳುವುದು, ಹಳೆಯ ಬಾಡಿಗೆದಾರರನ್ನು ಹೊರಹಾಕದಿರುವುದು ಇರಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಹೇಳಿದ ಬೆಲೆ ಕತ್ತಲಲ್ಲಿ ಕಲ್ಲು ಎಸೆದಂತೆ.

ಅವರೇ “ಎಷ್ಟು ಕೊಡ್ತೀರಾ?” ಎಂದರೆ “ಪತ್ರ, ಬಾಡಿಗೆ ಪಟ್ಟಿ ನೋಡಿ ಒಂದೇ ಸಲ ಸರಿಯಾದ ಬೆಲೆ ಹೇಳ್ತೀನಿ ಸರ್, ಸುಮ್ನೆ ಹೇಳಿ ಆಮೇಲೆ ಇಳಿಸೋದು ನನಗೆ ಇಷ್ಟ ಇಲ್ಲ” ಎನ್ನಿ. ಹಾಗೇ ನಡೆದುಕೊಳ್ಳಿ.

ಎಚ್ಚರಿಕೆಯ ಸುಳಿವುಗಳೂ ಇಲ್ಲೇ ಕಾಣುತ್ತವೆ. ಕ್ರಯಪತ್ರದ ನಕಲು ತೋರಿಸಲು ಹಿಂದೇಟು, “ನಾಳೆಯೇ ಟೋಕನ್ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ” ಎಂಬ ಅವಸರ, ಅರ್ಧ ದುಡ್ಡು ನಗದಿನಲ್ಲಿ ಬೇಕೆಂಬ ಬೇಡಿಕೆ, ಒಬ್ಬ ಮಗ ಮಾತಾಡುವಾಗ ಇನ್ನೊಬ್ಬ ಎದ್ದು ಒಳಗೆ ಹೋಗುವುದು. ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ಮುಂಗಡ ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ.

## ಹಂತ 8: ಟೋಕನ್ ಕೊಡುವ ಮುಂಚೆ

ಎಂಜಿನಿಯರನ್ನು ಕರೆದುಕೊಂಡು ಹೋಗಿ ಸಂಪು, ಓವರ್‌ಹೆಡ್ ಟ್ಯಾಂಕ್, ಕಂಬ, ತಾರಸಿ ನೋಡಿಸಿ. ಮಂಜೂರಾದ ಪ್ಲಾನಿಗೂ ನಿಂತ ಕಟ್ಟಡಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆಸಿಕೊಳ್ಳಿ. ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ, ಇದೆಯಾ ಕೇಳಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಕಟ್ಟಡಕ್ಕೆ ಹೊಸ ಕರೆಂಟ್, ನೀರಿನ ಕನೆಕ್ಷನ್ ಪಡೆಯುವುದು ಕಷ್ಟವಾಗಿದೆ. ಖಾತಾ ಎ (ನಿಯಮದಂತೆ ಇರುವ ಆಸ್ತಿಯದು) ಆಗಿದೆಯಾ, ಬಿ (ಮಂಜೂರಾತಿಯ ಕೊರತೆ ಇರುವ ಆಸ್ತಿಯದು) ಆಗಿದೆಯಾ ನೋಡಿ. ಬಿ ಖಾತಾಕ್ಕೆ ಬಹಳ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಮತ್ತು ಮುಂದೆ ನೀವು ಮಾರುವಾಗ ಇದೇ ಪ್ರಶ್ನೆ ನಿಮಗೂ ಬರುತ್ತದೆ.

ಈಗ, ಓನರ್ ಒಪ್ಪಿಗೆಯ ಮೇಲೆ, ಪ್ರತಿ ಮನೆಗೂ ಹೋಗಿ. ಹೆಸರು, ಬಾಡಿಗೆ, ಕೊಟ್ಟ ಅಡ್ವಾನ್ಸ್, ಕರಾರಿನ ದಿನಾಂಕ ಬರೆದು ಓನರ್ ಮತ್ತು ಬಾಡಿಗೆದಾರರು ಇಬ್ಬರಿಂದಲೂ ಸಹಿ ಹಾಕಿಸಿ. ಬಾಡಿಗೆದಾರರು ಹೇಳುವ ಅಡ್ವಾನ್ಸಿಗೂ ಓನರ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಕೂತು ಬಗೆಹರಿಸಿಕೊಳ್ಳಿ. ಕಟ್ಟಡ ಮಾರಿದ ಮಾತ್ರಕ್ಕೆ ಅವರ ಕರಾರು ಮುಗಿಯುವುದಿಲ್ಲ, ಅದು ನಿಮ್ಮ ಜೊತೆ ಮುಂದುವರಿಯುತ್ತದೆ.

ವಕೀಲರು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಲಿ. ಯಾರದಾದರೂ ಆಕ್ಷೇಪ ಇದ್ದರೆ ಇಲ್ಲೇ ಹೊರಬರಲಿ. ಟೋಕನ್ ಚಿಕ್ಕದಿರಲಿ, ಬ್ಯಾಂಕ್ ಮೂಲಕ ಹೋಗಲಿ. ಪತ್ರ ಸರಿಯಿಲ್ಲದಿದ್ದರೆ ಎಷ್ಟು ದಿನದಲ್ಲಿ ವಾಪಸ್ ಎಂಬುದು ಬರಹದಲ್ಲಿರಲಿ.

## ಹಂತ 9: ನೋಂದಣಿ ದಿನ ಮತ್ತು ಮರುದಿನ

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ 1% ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಕಡಿದು ಕಟ್ಟುವುದು ಕೊಂಡವರ ಹೊಣೆ. ಮಾರುವವರು ಅನಿವಾಸಿ ಭಾರತೀಯರಾದರೆ ನಿಯಮವೇ ಬೇರೆ, ಕಡಿತ ಬಹಳ ಜಾಸ್ತಿ. ದುಡ್ಡು ಕೊಡುವ ಮುಂಚೆಯೇ ಲೆಕ್ಕಪರಿಶೋಧಕರನ್ನು ಕೇಳಿ. ಒಬ್ಬ ಮಗ ಇಲ್ಲಿ, ಒಬ್ಬಳು ಮಗಳು ವಿದೇಶದಲ್ಲಿ ಇದ್ದರೆ ಒಬ್ಬೊಬ್ಬರ ಪಾಲಿಗೂ ಬೇರೆಬೇರೆ ಲೆಕ್ಕ.

ಬಾಡಿಗೆದಾರರ ಅಡ್ವಾನ್ಸ್ ಮೊತ್ತವನ್ನು ಕಟ್ಟಡದ ಬೆಲೆಯಲ್ಲಿ ಕಳೆಯಿರಿ, ಅದು ಕ್ರಯಪತ್ರದಲ್ಲಿ ಬರಲಿ. ಹಳೆಯ ಓನರ್ ಕೈಯಿಂದಲೇ ಪ್ರತಿ ಮನೆಗೂ ಒಂದು ಪತ್ರ ಕೊಡಿಸಿ: ಇಂಥ ದಿನದಿಂದ ಬಾಡಿಗೆ ಇವರಿಗೆ, ಅಡ್ವಾನ್ಸ್ ಜವಾಬ್ದಾರಿಯೂ ಇವರದೇ ಎಂದು. ಆಮೇಲೆ ಖಾತಾ ಬದಲಾವಣೆ, ಬೆಸ್ಕಾಂನ ಪ್ರತಿ ಆರ್‌ಆರ್ ನಂಬರಿನ (ಕರೆಂಟ್ ಸಂಪರ್ಕದ ಸಂಖ್ಯೆ) ಹೆಸರು ಬದಲಾವಣೆ, ಜಲಮಂಡಳಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಬಣ್ಣ ಬಳಿಸುವುದು, ಬಾಡಿಗೆ ಏರಿಸುವುದು ಆಮೇಲೆ. ಮೊದಲ ವಾರ ಸಂಪು ತೊಳೆಸಿ, ಸೋರುವ ನಲ್ಲಿಗಳನ್ನು ಸರಿಮಾಡಿಸಿ. ಇರುವ ಎಂಟು ಮನೆಯವರು ನಿಂತರೆ ಉಳಿದ ನಾಲ್ಕು ಮನೆಗೆ ಜನರನ್ನು ಅವರೇ ಕರೆತರುತ್ತಾರೆ.